ಕಳಸದ ಮೇಲೆ ಹಾರಿದವಳ ಉತ್ತರ

ಇಳಕಲ್ಲ
ಆಷಾಢ ಶುದ್ಧ ದಶಮಿ, ಜುಲೈ ೧೯೮೪

ಪೂಜ್ಯ ಅಣ್ಣನವರಾದ ಹೊಳಬಸಪ್ಪನವರ ಸನ್ನಿಧಿಗೆ,

ತಂಗಿ ಗುರುಸಿದ್ದವ್ವ ತಲೆಬಾಗಿ ಅರ್ಪಿಸುವ ಶರಣಾರ್ಥಿಗಳು. ಬಾಗುವುದು ಈ ಸಾಲಿಗೆ ಮುಗಿಯಿತೆಂದು ತಿಳಿದು ಮುಂದಿನದನ್ನು ಓದಬೇಕು.

ನೀವು ಹುನಗುಂದದಿಂದ ಕಳಿಸಿದ ಲಕೋಟೆ ಮೊನ್ನೆ ತಲುಪಿತು. ಒಳಗೆ ಎರಡು ಹಾಳೆಗಳಿದ್ದವು. ಒಂದರಲ್ಲಿ ನನ್ನ ಆರೋಗ್ಯವನ್ನು ವಿಚಾರಿಸಿದ್ದೀರಿ. ಇನ್ನೊಂದರಲ್ಲಿ ನನ್ನ ಹೆಸರಿನಲ್ಲಿ, ನಿಮ್ಮ ಅಕ್ಷರದಲ್ಲಿ, ಒಂದು ಕ್ಷಮಾಪಣೆಯನ್ನು ಬರೆದು ಕೆಳಗೆ ಸಹಿಗೆಂದು ಜಾಗ ಬಿಟ್ಟಿದ್ದೀರಿ. ಕಳೆದ ಮಾಘಮಾಸದಲ್ಲಿ ನಾನು ಹೆಲಿಕಾಪ್ಟರಿನಲ್ಲಿ ಕುಳಿತು ದೇವಾಲಯಗಳ ಕಳಸದ ಮೇಲೆ ಪಾದವಿಟ್ಟು ಹಾರಿದೆನೆಂದೂ, ಇದು ಅಜ್ಞಾನದಿಂದಾದ ಅಪರಾಧವೆಂದೂ, ನೀವು ಹಿರಿಯರಾಗಿರುವ ಮಠದ ಶ್ರಾವಣ ಪುರಾಣ ಸಮಿತಿಯ ಎದುರು ಐದು ನಮಸ್ಕಾರ ಹಾಕಿ ಶುದ್ಧಳಾಗುತ್ತೇನೆಂದೂ ಅದರಲ್ಲಿದೆ. ಮೊದಲನೆಯ ಹಾಳೆಗೆ ಉತ್ತರ: ಆರೋಗ್ಯ ಚೆನ್ನಾಗಿದೆ. ಎರಡನೆಯದಕ್ಕೆ ಉತ್ತರ ಈ ಪತ್ರ. ಅದರೊಂದಿಗೆ ಆ ಹಾಳೆಯನ್ನೂ ಸಹಿಯಿಲ್ಲದೆ ಮರಳಿಸಿದ್ದೇನೆ.

ಒಂಬತ್ತು ಶ್ರಾವಣ ನಿಮ್ಮ ಮಠದ ಪುರಾಣದ ಮಣೆಯ ಮೇಲೆ ಕುಳಿತು ಓದಿದವಳು ನಾನು. ಹೆಣ್ಣುಮಗಳು ಗ್ರಂಥ ಬಿಚ್ಚಿ ಓದಬಾರದೆಂದವರ ಬಾಯಿ ಅಂದು ಮುಚ್ಚಿಸಿದವರು ನೀವೇ. ಆ ಉಪಕಾರವನ್ನು ಮರೆತಿಲ್ಲ; ಮರೆಯುವ ಸ್ವಭಾವ ನನಗಿದ್ದರೆ ಈ ಪತ್ರ ಇಷ್ಟು ಉದ್ದವಾಗುತ್ತಲೂ ಇರಲಿಲ್ಲ. ಆದರೆ ನೆರೆಮನೆಯ ನೇಕಾರಗಿತ್ತಿ ಶಿವಲಿಂಗವ್ವ ಹೋದ ವಾರ ಹುನಗುಂದದ ಸಂತೆಯಿಂದ ನಿಮ್ಮ ಹಸ್ತಪತ್ರಿಕೆಯೊಂದನ್ನು ಮಡಿಚಿಕೊಂಡು ಬಂದಳು. ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದಳು: "ಅಕ್ಕಾ, ಪುರಾಣದ ಚೀಟ್ಯಾಗ ನಿನ್ನ ಹೆಸರ ಇಲ್ಲಬೇ. ಬರೇ ‘ಓದುವವರು’ ಅಂತ ಬರದು ಮುಂದ ಚುಕ್ಕಿ ಇಟ್ಟಾರ." ನಾನು ಸಹಿ ಹಾಕಿದರೆ ಆ ಚುಕ್ಕಿಗಳ ಜಾಗಕ್ಕೆ ನನ್ನ ಹೆಸರು ಬರುತ್ತದೆ, ಹಾಕದಿದ್ದರೆ ಬೇರೆಯವರದು. ವಿಷಯ ಇಷ್ಟೇ ಎಂದು ನೀವು ತಿಳಿದಿದ್ದೀರಿ.

ನಾನು ಹಾರಿದ ಕಥೆಯನ್ನು ಹುನಗುಂದದ ಅಂಗಡಿಕಟ್ಟೆಗಳಲ್ಲಿ ಕೇಳಿದಿರಿ. ನನ್ನನ್ನು ಕೇಳಲಿಲ್ಲ. ಈಗ ಕೇಳಿರಿ.

ಮುಂಬಯಿಯ ಒಂದು ಕಂಪನಿ ಹನ್ನೆರಡು ದಿನಗಳ ಮಟ್ಟಿಗೆ ಬಾದಾಮಿಗೆ ಹೆಲಿಕಾಪ್ಟರ್ ತಂದಿತ್ತು. ಬೆಳಿಗ್ಗೆ ಬನಶಂಕರಿ, ಪಟ್ಟದಕಲ್ಲು, ಐಹೊಳೆಗಳ ಮೇಲೆ ಹಾರಿಸಿ ಮಹಾಕೂಟದ ಹೊಲದಲ್ಲಿ ಇಳಿಸುವುದು. ಅಲ್ಲಿಂದ ಗೈಡಿನ ಹಿಂದೆ ಬೆಟ್ಟದ ಹಳೆಯ ಕಾಲುದಾರಿಯಲ್ಲಿ ನಡೆದು ಸಂಜೆಯೊಳಗೆ ಬಾದಾಮಿ ಸೇರುವುದು. ಒಂದು ದಿನದ ಯಾತ್ರೆ. ಗೈಡ್ ಜಲಾಲುದ್ದೀನ. ಮೂವತ್ತು ವರ್ಷದ ಹಿಂದೆ ನಾನು ಬಾದಾಮಿಯಲ್ಲಿ ಮಾಸ್ತರಿಣಿಯಾಗಿದ್ದಾಗ ನನ್ನ ಕೈಯಲ್ಲಿ ನಾಲ್ಕನೆಯ ಇಯತ್ತೆ ಕಲಿತವನು. ಈಗ ಅವನಿಗೇ ನಾಲ್ಕು ಮಕ್ಕಳು. ಅವನು ಇಳಕಲ್ಲಿಗೆ ಬಂದು ನನ್ನ ಹೊಸ್ತಿಲಲ್ಲಿ ಕುಳಿತು, "ಅಕ್ಕೋರ, ಗುಡ್ಡದ ದಾರಿ ನಂಗ ಬರ್ತೈತ್ರಿ, ಕಲ್ಲಿನ ಮ್ಯಾಲಿನ ಹಳೀ ಅಕ್ಷರ ಬರೂದಿಲ್ಲ. ನೀವ ಕಲಿಸಲಿಲ್ಲ. ಈಗ ನೀವ ಬಂದು ಮಂದಿಗೆ ಓದಿ ಹೇಳ್ರಿ" ಎಂದನು. ಹಳಗನ್ನಡವನ್ನು ನಮ್ಮ ತಂದೆ ನಿಮಗೆ ಕಲಿಸುವಾಗ ಬಾಗಿಲ ಮರೆಯಲ್ಲಿ ನಿಂತು ಕಲಿತವಳು ನಾನು. ಒಪ್ಪಿಕೊಂಡೆ. ನಿಮ್ಮ ಅಪ್ಪಣೆ ಕೇಳಲಿಲ್ಲ. ಅರವತ್ತೆರಡರ ವಯಸ್ಸಿನಲ್ಲಿ ಅದು ನೆನಪಾಗಲಿಲ್ಲ.

ಏರುವ ಮೊದಲು ಪ್ರತಿಯೊಬ್ಬರನ್ನೂ ತೂಗಬೇಕೆಂದರು. ಕೆರೂರಿನ ದಲಾಲರ ಅಂಗಡಿಯಿಂದ ಚೀಲ ತೂಗುವ ಕಾಟಾ ತರಿಸಿದ್ದರು. ನಾನು ಅದರ ಮೇಲೆ ನಿಂತಾಗ ಜಲಾಲುದ್ದೀನ ಮುಳ್ಳು ನೋಡಿ, "ಅಕ್ಕೋರ, ಬರೋಬ್ಬರಿ ಅರ್ಧ ಚೀಲ ಜ್ವಾಳ ಅದೀರಿ" ಎಂದನು. "ಹುಳಾ ಹತ್ತಿಲ್ಲ, ಅದನ್ನೂ ಬರಕೋ" ಎಂದೆ. ಸೊಲ್ಲಾಪುರದ ಒಬ್ಬ ವ್ಯಾಪಾರಿಯೂ ಅವರ ಹೆಂಡತಿ ನೀಲಾಬಾಯಿಯೂ ನಮ್ಮೊಡನಿದ್ದರು. ಆ ವ್ಯಾಪಾರಿಯ ಸರದಿ ಬಂದಾಗ ಕಾಟಾ ನರಳಿತು. ನೀಲಾಬಾಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ಇವ್ರನ್ನ ಎರಡ ಸಲ ಹಾರಿಸ್ಬೇಕಾಗ್ತೈತಿ ನೋಡ್ರಿ, ಅರ್ಧರ್ಧ" ಎಂದರು.

ಇಷ್ಟರಲ್ಲಿ ಚಾಲಕನು ಬಂದು, ಕೊರಳಲ್ಲಿ ತೂಗುವ ಯಾವುದೂ ಇರಕೂಡದು, ರೆಕ್ಕೆಯ ಗಾಳಿಗೆ ಹಾರೀತು ಎಂದು ನನ್ನ ಕರಡಿಗೆಯ ಕಡೆ ಕೈ ತೋರಿಸಿದನು. ಬೆಳ್ಳಿಯ ಆ ಸಂಪುಟದೊಳಗೆ ಏನಿದೆಯೆಂದು ಪಾಪ ಅವನಿಗೇನು ಗೊತ್ತು. ದೀಕ್ಷೆಯಾದ ಎಂಟನೆಯ ವಯಸ್ಸಿನಿಂದ, ಜ್ವರದಲ್ಲಿ, ಬಾಣಂತಿತನದಲ್ಲಿ, ಗಂಡನ ಸಮಾಧಿಗೆ ಮಣ್ಣು ಕೊಟ್ಟ ದಿನದಲ್ಲಿ, ಒಂದು ಗಳಿಗೆಯೂ ಆ ಇಷ್ಟಲಿಂಗ ನನ್ನ ಅಂಗವನ್ನು ಅಗಲಿದ್ದಿಲ್ಲ. ತೆಗೆಯುವುದಿಲ್ಲವೆಂದೆ. ಹಾಗಾದರೆ ಹತ್ತುವಂತಿಲ್ಲವೆಂದನು. ನಾನು ನನ್ನ ಚೀಲವನ್ನೆತ್ತಿಕೊಂಡು ರಸ್ತೆಯ ಕಡೆ ಹೊರಟೆ. ಆಗ ಅಡ್ಡ ಬಂದವನು ಜಲಾಲುದ್ದೀನ. "ಸಾಹೇಬ್ರ, ಅದು ದಾಗೀನ ಅಲ್ಲ, ಅವ್ರ ದೇವ್ರು. ದೇವ್ರನ್ನ ಬಿಟ್ಟು ಅವ್ರ ಬರೂದಿಲ್ಲ, ಅವ್ರನ್ನ ಬಿಟ್ಟು ನಾ ಬರೂದಿಲ್ಲ. ಗುಡ್ಡದಾಗ ದಾರಿ ನೀವ ಹುಡುಕ್ಕೋರಿ." ಚಾಲಕ ನಕ್ಕು, ಕರಡಿಗೆಯನ್ನು ಕುಪ್ಪಸದೊಳಗೆ ಸೇರಿಸಿ ಮೇಲೆ ಸೆರಗು ಬಿಗಿದುಕೊಂಡರೆ ಸಾಕೆಂದನು. ಹಾಗೆಯೇ ಮಾಡಿದೆ. ಅನ್ಯಧರ್ಮದವನ ಬೆನ್ನು ಹಿಡಿದು ಹೋದೆನೆಂದು ನಿಮ್ಮ ಸಮಿತಿಯ ಲಕ್ಷ್ಮಪ್ಪನವರು ಆಡಿಕೊಂಡರಂತೆ. ಆ ಬಯಲಿನಲ್ಲಿ ನನ್ನ ಲಿಂಗದ ಪರವಾಗಿ ನಿಂತವನು ಆ ಅನ್ಯಧರ್ಮದವನೊಬ್ಬನೇ ಎಂದು ಅವರಿಗೆ ತಿಳಿಸಿರಿ.

ಇನ್ನು ಅಪರಾಧದ ಮಾತು. ನೆಲ ನಮ್ಮನ್ನು ಬಿಟ್ಟಿತು, ನಾವು ನೆಲವನ್ನು ಬಿಟ್ಟೆವೆನ್ನಲಾರೆ, ಅಷ್ಟು ಮೆಲ್ಲಗೆ. ಚೊಳಚಗುಡ್ಡದ ಬನಶಂಕರಿಯ ಹೊಂಡ ಅಂಗೈಯಗಲವಾಯಿತು. ಕೊಯ್ದ ಜೋಳದ ಹೊಲಗಳಲ್ಲಿ ಹೆಂಗಸರು ಹಣೆಗೆ ಕೈಯಿಟ್ಟು ನಮ್ಮನ್ನು ನೋಡಿದರು. ಮಲಪ್ರಭೆ ಬಿಸಿಲಿಗೆ ಮೈಚಾಚಿ ಮಲಗಿದ್ದಳು. ಪಟ್ಟದಕಲ್ಲಿನ ಶಿಖರಗಳ ಮೇಲೆ ನಮ್ಮ ನೆರಳು ನೊಣದ ಹಾಗೆ ಹಾದುಹೋಯಿತು. ಹೌದು, ಕಳಸಗಳು ನನ್ನ ಪಾದಗಳಿಗಿಂತ ಕೆಳಗಿದ್ದವು. ನಾನು ಕಣ್ಣು ಮುಚ್ಚಲಿಲ್ಲ. ಗಲ್ಲ ಗಾಜಿಗೆ ಒತ್ತಿ ನೋಡಿದೆ. ನೀಲಾಬಾಯಿ ಹೆದರಿ ನನ್ನ ಕೈ ಹಿಡಿದಿದ್ದರು. ನನ್ನ ಇನ್ನೊಂದು ಕೈ ಎದೆಯ ಮೇಲಿತ್ತು, ಕರಡಿಗೆಯ ಮೇಲೆ. ಅಣ್ಣಾ, ನಾನೆಷ್ಟು ಎತ್ತರಕ್ಕೆ ಹೋದೆನೋ ನನ್ನ ದೇವರೂ ಅಷ್ಟೇ ಎತ್ತರಕ್ಕೆ ಬಂದಿದ್ದನು. ನನ್ನ ಪಾದದಿಂದ ನನ್ನ ಎದೆ ಎಷ್ಟು ಮೇಲಿದೆಯೋ ಅಷ್ಟು ಅವನು ನನ್ನ ಪಾದಗಳಿಗಿಂತ ಮೇಲಿದ್ದನು. ಸ್ಥಾವರಕ್ಕೆ ತಲೆಬಾಗದೆ ಅಂಗೈಯ ಲಿಂಗವನ್ನು ನಂಬಿ ಬಾಳಿರೆಂದು ಹೇಳಿದ ಶರಣರ ಮನೆತನದಲ್ಲಿ ಹುಟ್ಟಿ, ಕಲ್ಲಿನ ಕಳಸದ ಎತ್ತರವನ್ನು ಅಳೆದು ನನಗೆ ಪ್ರಾಯಶ್ಚಿತ್ತ ವಿಧಿಸುವುದಕ್ಕೆ ನಿಮಗೆ ಯಾವ ಗ್ರಂಥದಲ್ಲಿ ಆಧಾರ ಸಿಕ್ಕಿತು? ನಾನು ಹುಡುಕಿದೆ. ನನಗೆ ಸಿಗಲಿಲ್ಲ.

ಒಂದು ತಪ್ಪು ನಿಜವಾಗಿಯೂ ಆಯಿತು. ನಿಮ್ಮ ಪಟ್ಟಿಯಲ್ಲಿ ಅದಿಲ್ಲವಾದ್ದರಿಂದ ನಾನೇ ಹೇಳುತ್ತೇನೆ. ಏರುವಾಗ ಪಂಚಾಕ್ಷರಿಯನ್ನು ಜಪಿಸುತ್ತ ಕುಳಿತವಳು ನದಿಯ ತಿರುವನ್ನು ಕಂಡ ಕ್ಷಣದಲ್ಲಿ ಮಂತ್ರವನ್ನು ಮರೆತೆ. ಐಹೊಳೆ ಬರುವ ತನಕ ನೆನಪಾಗಲಿಲ್ಲ. ಅಷ್ಟು ಸಂತೋಷವಾಗಿತ್ತು. ಅದಕ್ಕೆ ಕ್ಷಮೆ ಕೇಳಬೇಕಾದವನಲ್ಲಿ ಮಹಾಕೂಟದ ಹೊಂಡದ ದಂಡೆಯ ಮೇಲೆ ಕುಳಿತು, ಲಿಂಗವನ್ನು ಅಂಗೈಯಲ್ಲಿಟ್ಟು ಕೇಳಿದ್ದೇನೆ. ಅವನು ನನ್ನಿಂದ ಐದು ನಮಸ್ಕಾರ ಬೇಡಲಿಲ್ಲ.

ಮಹಾಕೂಟದಲ್ಲಿ ಊಟವಾದ ಮೇಲೆ ಸೊಲ್ಲಾಪುರದ ವ್ಯಾಪಾರಿ ಬೆಟ್ಟವನ್ನು ನೋಡಿ, "ಅಲ್ರೀ, ಹಾರೂ ಗಾಡಿ ಇಲ್ಲೇ ನಿಂತೈತಿ, ನಡಿಯೂದ್ಯಾಕ?" ಎಂದು ಕೇಳಿ, ಅದರಲ್ಲಿಯೇ ಮರಳಿದರು. ನೀಲಾಬಾಯಿ ಮರಳಲಿಲ್ಲ. ನಾವು ಮೂವರು ನಡೆದೆವು. ಬಂಡೆ ಕಾದಿತ್ತು. ಕವಳಿಯ ಕಂಟಿಗಳು ಸೀರೆಯನ್ನು ಹಿಡಿದೆಳೆದವು. ಕಡಿದಾದೊಂದು ತಿರುವಿನಲ್ಲಿ ಜಾರಿ ಮೊಣಕಾಲು ಒಡೆದುಕೊಂಡೆ. ಜಲಾಲುದ್ದೀನ ತನ್ನ ರುಮಾಲು ಹರಿದು ಕಟ್ಟುತ್ತ, "ಸಾಲ್ಯಾಗ ನೀವು ನಮ್ಮ ಕಿವಿ ಹಿಂಡಿದ್ರಿ, ಈಗ ಗುಡ್ಡ ನಿಮ್ಮ ಮೊಣಕಾಲ ಹಿಂಡಾಕತ್ತೈತಿ. ಬರ್ರಿ, ಹೆಗಲ ಮ್ಯಾಲ ಹೊತಗೊಂಡು ಹೋಗ್ತೇನಿ" ಎಂದನು. "ಕಿವಿ ಹಿಂಡೂ ಶಕ್ತಿ ಇನ್ನೂ ಐತಿ, ನಡಿ ಮುಂದ" ಎಂದೆ. ದಾರಿಯಲ್ಲಿ ಎರಡು ಕಲ್ಲುಗಳ ಬರಹವನ್ನು ಬೆರಳಿನಿಂದ ಸವರಿ ಓದಿ ಹೇಳಿದೆ. ಕೆಲಸಕ್ಕೆಂದು ಬಂದವಳು ಕೆಲಸ ಮಾಡಿದೆ.

ಹೊತ್ತು ಇಳಿಯುವಾಗ ಬಾದಾಮಿಯ ಉತ್ತರದ ಕೋಟೆಯ ನೆತ್ತಿಯ ಮೇಲೆ, ಆ ಶಿವಾಲಯದ ಮಗ್ಗುಲಿಗೆ ಬಂದು ನಿಂತೆವು. ಆ ಜಾಗ ನಿಮಗೆ ಗೊತ್ತು. ಮೊದಲ ಸಲ ಬಂದಾಗ ನಾನು ಹತ್ತು ವರ್ಷದವಳು, ನೀವು ಹದಿನಾಲ್ಕರವರು. ತಂದೆಯವರು ಮೂರು ವರ್ಷ ಮೂರು ಸಲ ನಮ್ಮಿಬ್ಬರನ್ನೂ ಬಾದಾಮಿಗೆ ಕರೆತಂದು, ಮೂರೂ ಸಲ ನಿಮ್ಮನ್ನು ಕರೆದುಕೊಂಡು ಮೇಲೇರಿದರು. "ಪರಕಾರ ಕಾಲಾಗ ತೊಡಕ್ತೈತಿ, ನೀ ಇಲ್ಲೇ ಚಪ್ಲಿ ಕಾಯ್ಕೊಂತ ಕೂಡವ್ವ" ಎಂದು, ಲಂಗ ತೊಟ್ಟ ನನ್ನನ್ನು ಕೆರೆಯ ಪಾವಟಿಗೆಯ ಪಕ್ಕದ ಬಂಡೆಯ ಮೇಲೆ, ಎರಡು ಜೋಡು ಚಪ್ಪಲಿ, ಒಂದು ರೊಟ್ಟಿಯ ಗಂಟಿನೊಡನೆ ಕೂರಿಸಿದರು. ಪ್ರತಿ ಸಲವೂ ನೀವು ಇಳಿದು ಬಂದಾಗ ಕೇಳುತ್ತಿದ್ದೆ: "ಅಣ್ಣಾ, ಮ್ಯಾಲ ಏನೈತೋ? ನಾ ಕಾಣತಿದ್ನೇನೋ?" ಪ್ರತಿ ಸಲವೂ ನೀವು ಹೇಳಿದ್ದು ಒಂದೇ: "ಏನಿಲ್ಲ ತಗೋ. ಬರೇ ಕಲ್ಲು. ಕೆಳಗಿನ್ದು ಏನೂ ಕಾಣೂದಿಲ್ಲ."

ನಾನು ನಂಬಿದೆ. ಐವತ್ತು ವರ್ಷ ನಂಬಿದೆ. ಅದೇ ಊರಿನಲ್ಲಿ ಮಾಸ್ತರಿಣಿಯಾಗಿದ್ದಾಗಲೂ, ಬರೇ ಕಲ್ಲೆಂದು, ಮೇಲೆ ಹತ್ತಲಿಲ್ಲ.

ಆ ಸಂಜೆ ಅಲ್ಲಿಂದ ಬಗ್ಗಿ ನೋಡಿದಾಗ ಅದೇ ಬಂಡೆಯ ಮೇಲೆ ಒಬ್ಬಾಕೆ ಬಟ್ಟೆ ಒಗೆಯುತ್ತಿದ್ದಳು. ಅವಳು ಕೈಯೆತ್ತುವುದು ಕಾಣುತ್ತಿತ್ತು. ಒಣಹಾಕಿದ ಸೀರೆಗಳನ್ನು ಎಣಿಸಬಹುದಾಗಿತ್ತು, ಏಳು ಇದ್ದವು. ಪಕ್ಕದಲ್ಲಿ ಅವಳ ಕೂಸು ಕುಳಿತು ನೀರಿಗೆ ಹರಳು ಎಸೆಯುತ್ತಿತ್ತು, ಅದೂ ಕಾಣುತ್ತಿತ್ತು. ಅಣ್ಣಾ, ನಾನು ಕಾಣುತ್ತಿದ್ದೆ. ಮೂರು ವರ್ಷವೂ ಬಿಸಿಲಿನಲ್ಲಿ ಕುಳಿತಿದ್ದ ನಾನು ನಿಮಗೆ ಕಾಣುತ್ತಿದ್ದೆ. ನೀವು ಒಂದು ಸಲ ಕೈ ಬೀಸಿದ್ದರೆ ನನಗೂ ಕಾಣುತ್ತಿತ್ತು.

ಅಲ್ಲಿ ನಿಂತು ಅತ್ತೆನೆಂದು ಬರೆದರೆ ನಿಮಗೆ ಸಮಾಧಾನವಾದೀತು. ಅಳಲಿಲ್ಲ. ಕೆಳಗೆ ಕೆರೆಯ ಆಚೆ ದಂಡೆಯಲ್ಲಿ ಭೂತನಾಥನ ಗುಡಿಯಿತ್ತು. ಅದರ ಶಿಖರ ನನ್ನ ಪಾದಕ್ಕಿಂತ ಎಷ್ಟೋ ಆಳು ಕೆಳಗಿತ್ತು. ಹದಿನಾಲ್ಕು ವರ್ಷದ ಹೊಳಬಸಪ್ಪನ ಪಾದಕ್ಕಿಂತಲೂ ಅಷ್ಟೇ ಕೆಳಗಿತ್ತು. ಮೂರು ಸಲ ಅಲ್ಲಿ ನಿಂತು ಬಂದವರನ್ನು ಯಾವ ಸಮಿತಿಯೂ ಕರೆಯಿಸಲಿಲ್ಲ, ಯಾರೂ ಕ್ಷಮಾಪಣೆ ಬರೆಸಲಿಲ್ಲ. ನಮ್ಮ ತಂದೆ ಇಳಿದು ಬಂದು ರೊಟ್ಟಿಯ ಗಂಟು ಬಿಚ್ಚುತ್ತ, "ದರ್ಶನ ಭಾಳ ಚಲೋ ಆತು" ಎಂದಿದ್ದರು. ಗಂಡುಮಗ ಮೇಲೆ ನಿಂತರೆ ದರ್ಶನ; ಹೆಣ್ಣುಮಗಳು ಮೇಲೆ ಹಾರಿದರೆ ಅಪರಾಧ. ದೇವರ ತಲೆಯ ಮಾತನ್ನು ಬಿಡಿರಿ, ಅಣ್ಣಾ. ನಾನು ಕೂತಲ್ಲಿಂದ ಎದ್ದದ್ದೇ ನಿಮ್ಮನ್ನು ಕೆಣಕಿದ್ದು.

ಇದನ್ನು ದೂರೆಂದು ಬರೆಯುತ್ತಿಲ್ಲ. ಪುರಾಣದ ಮಣೆಗೆ ನನ್ನನ್ನು ಕೂರಿಸಿದ ದಿನ ನೀವು ಸಭೆಯಲ್ಲಿ ನಿಂತು, "ನಮ್ಮ ಗುರುಸಿದ್ದವ್ವ ಓದ್ತಾಳ, ಕೇಳೂ ಮಂದಿ ಕೇಳ್ರಿ, ಏಳೂ ಮಂದಿ ಏಳ್ರಿ" ಎಂದಿರಲ್ಲ, ಆ ದನಿಯನ್ನು ಬಲ್ಲೆನಾದ್ದರಿಂದ ಬರೆಯುತ್ತಿದ್ದೇನೆ. ಅಂದು ಯಾರೂ ಏಳಲಿಲ್ಲ. ಆ ಅಣ್ಣನು ಲಕೋಟೆಯೊಳಗೆ ಕ್ಷಮಾಪಣೆ ಮಡಿಚಿಡುವವನಲ್ಲ.

ಆದ್ದರಿಂದ ನನ್ನ ನಿಶ್ಚಯವನ್ನು ಕೇಳಿರಿ. ಶ್ರಾವಣದ ಮೊದಲ ಸೋಮವಾರ ಸ್ನಾನ, ಪೂಜೆ ಮುಗಿಸಿ, ಗ್ರಂಥವನ್ನು ಮಡಿವಸ್ತ್ರದಲ್ಲಿ ಸುತ್ತಿಕೊಂಡು ಬೆಳಗಿನ ಬಸ್ಸಿಗೆ ಹುನಗುಂದಕ್ಕೆ ಬರುತ್ತೇನೆ. ಶಿವಲಿಂಗವ್ವನೂ ನಮ್ಮ ಓಣಿಯ ಹದಿನೆಂಟು ಹೆಣ್ಣುಮಕ್ಕಳೂ ಅದೇ ಬಸ್ಸಿಗೆ ಬರುತ್ತಾರೆ, ಬೇಡವೆಂದರೂ ಕೇಳುತ್ತಿಲ್ಲ. ನೇರವಾಗಿ ಮಠದ ಪಡಸಾಲೆಗೆ ಬಂದು, ಎಂದಿನಂತೆ ಮಣೆಯ ಮೇಲೆ ಕುಳಿತು, ಹೋದ ವರ್ಷ ನಿಲ್ಲಿಸಿದ ಅಧ್ಯಾಯದಿಂದ ಮುಂದಕ್ಕೆ ಓದುತ್ತೇನೆ. ಬೇಡವೆನ್ನುವ ಮನಸ್ಸು ನಿಮಗಿದ್ದರೆ ಕಾಗದದಲ್ಲಿ ಬರೆಯಬೇಡಿರಿ, ಲಕ್ಷ್ಮಪ್ಪನವರನ್ನು ಮುಂದೆ ಮಾಡಬೇಡಿರಿ. ಬಾಗಿಲಿಗೆ ನೀವೇ ಬಂದು ನಿಂತು, ಆ ಹೆಣ್ಣುಮಕ್ಕಳೆಲ್ಲ ಕೇಳುವಂತೆ, ನನ್ನ ಮುಖ ನೋಡಿ, "ಗುರುಸಿದ್ದವ್ವ, ಒಳಗ ಬರಬ್ಯಾಡ" ಎಂದು ನಿಮ್ಮ ಬಾಯಿಂದ ಹೇಳಿರಿ. ಹೇಳಬಲ್ಲಿರಾದರೆ ಹೊರಗಿನ ಕಟ್ಟೆಯ ಮೇಲೆ ಕುಳಿತು ಓದುತ್ತೇನೆ. ನನ್ನ ದನಿ ಒಳಗಿನ ತನಕ ಕೇಳಿಸುತ್ತದೆಂಬುದು ನಿಮಗೆ ಗೊತ್ತು. ಹೇಳಲಾರಿರಾದರೆ ಸರಿದು ನಿಂತು ದಾರಿ ಕೊಡಿರಿ.

ನಿಮ್ಮ ಆಯುಷ್ಯ ದೀರ್ಘವಾಗಲಿ, ಅತ್ತಿಗೆಯವರ ಕೆಮ್ಮು ಇಳಿಯಲಿ, ನಿಮ್ಮ ಮನೆಯ ದೀಪ ಸದಾ ಬೆಳಗಲಿ ಎಂದು ಅಂಗೈಯ ಲಿಂಗದಲ್ಲಿ ದಿನವೂ ಬೇಡಿಕೊಳ್ಳುವ, ಸೋಮವಾರ ಬಾಗಿಲಲ್ಲಿ ನಿಮ್ಮನ್ನು ಕಾಣಲಿರುವ,

ನಿಮ್ಮ ತಂಗಿ
ಗುರುಸಿದ್ದವ್ವ