ಮಂಜು ಕರಗಿಸುವ ನೀರು ಮತ್ತು ವಾರಿಜಕ್ಕನ ಎಡಗಣ್ಣು

ಮಾನ್ಯ ಸುರಕ್ಷತಾ ಅಧಿಕಾರಿಗಳೇ,

ನಿಮ್ಮ ವರದಿಯಲ್ಲಿ ಒಂದು ಸಾಲು ಸುಳ್ಳು. 'ಅಪಘಾತಕ್ಕೆ ವಾರಿಜಾ ಎಂಬ ಕೆಲಸಗಾರ್ತಿಯ ಅಜಾಗರೂಕತೆಯೇ ಕಾರಣ' ಎಂದು ಬರೆದಿದ್ದೀರಿ. ಆ ಸಾಲನ್ನು ತೋರಿಸಿಯೇ ಕಂಪನಿ ಅವರ ಕಣ್ಣಿನ ಎರಡನೇ ಆಪರೇಷನ್ ಮಾಡಿಸುವುದಿಲ್ಲ ಎನ್ನುತ್ತಿದೆ. ಈ ತಿಂಗಳ ಇಪ್ಪತ್ತರೊಳಗೆ ಆಗದಿದ್ದರೆ ಎಡಗಣ್ಣಿನ ಆಸೆ ಬಿಡಬೇಕು ಎಂದು ಸೆರೆಂಬಾನಿನ ಡಾಕ್ಟರು ಹೇಳಿದ್ದಾರೆ. ಎದುರು ನಿಂತು ಮಾತಾಡಲು ನನಗೆ ಬಾಯಿ ಬರುವುದಿಲ್ಲ. ಐದನೇ ಕ್ಲಾಸಿನವರೆಗೆ ಕಲಿತ ಕನ್ನಡದಲ್ಲಿ ಬರೆದು, ಈ ಮಲಯ ದೇಶದ ನಮ್ಮ ಕನ್ನಡ ಸಂಘದ ವಾರಪತ್ರಿಕೆಗೆ ಕೊಟ್ಟಿದ್ದೇನೆ. ಅದರಲ್ಲಿ ನಿಮ್ಮ ಫೋಟೊ ಆಗಾಗ ಬರುವುದರಿಂದ ನೀವು ತಪ್ಪದೆ ಓದುತ್ತೀರಿ.

ಲಾಕ್‌ಡೌನಿನಲ್ಲಿ ಸಂಘದವರು ಏರ್ಪಡಿಸಿದ ಜೂಮ್ ಉಪನ್ಯಾಸದಲ್ಲಿ ನಮ್ಮ ಕಾರ್ಖಾನೆಯ ದ್ರಾವಣದ ಉಪಯೋಗವನ್ನು ನೀವು ವಿವರಿಸಿದ್ದಿರಿ. ನಿಲಾಯ್‌ನ ಕೆಲಸಗಾರರ ಹಾಸ್ಟೆಲಿನಲ್ಲಿ ಎಂಟು ಜನ ಒಂದೇ ಫೋನಿನ ಮುಂದೆ ಕೂತು ಕೇಳಿದೆವು. ಚಳಿ ದೇಶಗಳಲ್ಲಿ ಹಿಮ ಬೀಳುವ ಹಿಂದಿನ ದಿನವೇ ಅದನ್ನು ರಸ್ತೆಗೆ ಸಿಂಪಡಿಸುತ್ತಾರೆ, ಆಗ ಮಂಜುಗಡ್ಡೆ ರಸ್ತೆಗೆ ಕಚ್ಚಿಕೊಳ್ಳುವುದೇ ಇಲ್ಲ ಎಂದಿರಿ. ಒಣ ಉಪ್ಪು ಚಕ್ರಕ್ಕೆ ಸಿಕ್ಕಿ ಚರಂಡಿಗೆ ಹಾರುತ್ತದೆ, ದ್ರಾವಣ ಬಿದ್ದಲ್ಲೇ ಇರುತ್ತದೆ, ಅದಕ್ಕೇ ಕಡಿಮೆ ಸಾಕು, ರಸ್ತೆ ಬದಿಯ ಮರಗಳೂ ಉಳಿಯುತ್ತವೆ, ಆಂಬುಲೆನ್ಸ್ ಜಾರುವುದಿಲ್ಲ ಎಂದಿರಿ. ಎಲ್ಲವೂ ನಿಜ. ಹಿಮವನ್ನು ಫ್ರಿಜ್ಜಿನಲ್ಲಿ ಮಾತ್ರ ನೋಡಿರುವ ನನಗೂ ಅಂದು ನನ್ನ ಕೆಲಸದ ಮೇಲೆ ಗೌರವ ಬಂತು. ಊರೆಲ್ಲ ಮುಚ್ಚಿದ್ದಾಗ ನಮ್ಮನ್ನು ಅಗತ್ಯ ಸೇವೆ ಎಂದು ತೆರೆದಿಟ್ಟದ್ದು ಇದಕ್ಕೇ ಎಂದುಕೊಂಡೆ. ಯಾವುದೋ ದೇಶದ ರಸ್ತೆಗೆ ಒಂದು ದಿನ ಮೊದಲೇ ಇಷ್ಟು ಕಾಳಜಿ ಮಾಡುವವರು ನಮಗೂ ಅದರಲ್ಲಿ ಒಂದು ತೊಟ್ಟು ಉಳಿಸಿರುತ್ತಾರೆ ಎಂದು ನಂಬಿದ್ದು ನನ್ನ ದಡ್ಡತನ. ಅದನ್ನೂ ವರದಿಗೆ ಸೇರಿಸಿಕೊಳ್ಳಿ.

ಕಳೆದ ವರ್ಷ ನೀವು ಬಾಂಗ್ಸಾರಿನ ಮನೆಯಿಂದಲೇ ವಿಡಿಯೋದಲ್ಲಿ ಕಾರ್ಖಾನೆ ತಪಾಸಣೆ ಮಾಡಿದಿರಿ. ನಿಮ್ಮ ಕೈಯಲ್ಲಿ ಕಾಫಿ ಲೋಟ ಇತ್ತು. ನೀರಿಗೆ ಪುಡಿ ಬೆರೆಸಿ ದ್ರಾವಣ ಮಾಡುವ ಮಿಶ್ರಣದ ತೊಟ್ಟಿಯ ಮೇಲಿನ ಸೂಚನಾ ಫಲಕ ತೋರಿಸಲು ಹೇಳಿದಿರಿ. ಫೋನ್ ಹಿಡಿದವನು ನಾನು.

"ಇನ್ನೂ ಸ್ವಲ್ಪ ಹತ್ತಿರ ಹಿಡೀಪ್ಪಾ. ಹಾಂ, ನೀಟಾಗಿ ಕಾಣ್ತಿದೆ, ಸಾಕು."

ನಿಮಗೆ ನೀಟಾಗಿ ಕಂಡಿತು ಸ್ವಾಮಿ. ಇಂಗ್ಲಿಷಿನಲ್ಲೂ ಮಲಯದಲ್ಲೂ ಇದ್ದ ಆ ಫಲಕವನ್ನು ಫೋನಿನಲ್ಲಿ ತೋರಿಸಿದವನಿಗೆ ಅದರಲ್ಲಿ ಏನಿದೆ ಎಂದು ಗೊತ್ತಿರಲಿಲ್ಲ. ನೀವು ನನ್ನೊಡನೆ ಕನ್ನಡದಲ್ಲೇ ಮಾತಾಡಿದಿರಿ, ಊಟ ಆಯ್ತಾ ಎಂದೂ ಕೇಳಿದಿರಿ. 'ಮೊದಲು ನೀರು, ಆಮೇಲೆ ಪುಡಿ' ಎಂದು ಹೇಳಲು ಊಟದ ವಿಚಾರಣೆಗಿಂತ ಹೆಚ್ಚು ಸಮಯ ಬೇಕಿತ್ತೇ? ಮೈಸೂರಿನಲ್ಲಿ ಹುಟ್ಟಿದ ನಿಮಗೆ ಆ ನಾಲ್ಕು ಮಾತು ಬರುತ್ತಿರಲಿಲ್ಲವೇ?

ನಾನು ಮೊದಲು ಲೇಬಲ್ ಅಂಟಿಸುತ್ತಿದ್ದವನು. ಅರ್ಧ ಜನ ಕ್ವಾರಂಟೈನಿಗೆ ಹೋದಾಗ ನನ್ನನ್ನು ಮಿಶ್ರಣಕ್ಕೆ ಹಾಕಿದರು. ಅಲ್ಲಿದ್ದವರು ಮಂಗಳೂರು ಕಡೆಯ ವಾರಿಜಕ್ಕ ಒಬ್ಬರೇ. ಇಬ್ಬರಿಗೂ ಸೇರಿ ಒಂದೇ ರಕ್ಷಣಾ ಕನ್ನಡಕ. "ನೀನು ಹೊಸಬ ಮಾರಾಯ, ನೀನೇ ಹಾಕಿಕೋ. ನನಗೆ ಅಭ್ಯಾಸ ಉಂಟು" ಎಂದು ಅವರೇ ನನ್ನ ಮುಖಕ್ಕೆ ಹಾಕಿದರು. ಅಪಘಾತದ ಆ ದಿನ ಬೆಳಗ್ಗೆ ನೋಡಿದರೆ ಹಿಂದಿನ ಪಾಳಿಯವರು ನೀರಿಲ್ಲದ ತೊಟ್ಟಿಗೆ ಮೂಟೆಗಟ್ಟಲೆ ಪುಡಿ ಸುರಿದು ಹೋಗಿದ್ದರು. ಅದು ಗಟ್ಟಿಯಾಗಿತ್ತು. ಹೊರಗೆ ಕ್ಲಾಂಗ್ ಬಂದರಿಗೆ ಹೋಗುವ ಲಾರಿ ಹಾರ್ನ್ ಹೊಡೆಯುತ್ತಿತ್ತು. ವಾರಿಜಕ್ಕ ಬಗ್ಗಿ ಸಲಿಕೆಯಿಂದ ಕೆರೆದು ಹೊರಗೆ ತೆಗೆಯುತ್ತಿದ್ದರು. ಯಾಕೆ ತೆಗೆಯುತ್ತಿದ್ದಾರೆಂದು ನಾನು ಕೇಳಲಿಲ್ಲ, ಕೇಳಲು ನಾಚಿಕೆ. ನೆನೆದರೆ ಕರಗುತ್ತದೆ, ಅಕ್ಕನಿಗೆ ಸುಲಭವಾಗಲಿ ಎಂದು ಪೈಪಿನ ನೀರು ಬಿಟ್ಟೆ.

ಮಂಜು ಕರಗಿಸುವ ಆ ಪುಡಿಯ ಗುಡ್ಡೆಗೆ ನೀರು ಬಿದ್ದರೆ ಕುದಿದು ಸಿಡಿಯುತ್ತದೆ ಎಂದು ನನಗೆ ತಿಳಿದದ್ದು ಅವರ ಕೂಗು ಕೇಳಿದ ಮೇಲೆ.

ನಿಮ್ಮ ವಿಚಾರಣೆಯೂ ವಿಡಿಯೋದಲ್ಲೇ ನಡೆಯಿತು, ಹತ್ತೇ ನಿಮಿಷ. ಮಾತೆಲ್ಲ ಸೂಪರ್‌ವೈಸರ್ ದೇವದಾಸರ ಜೊತೆ, ಇಂಗ್ಲಿಷಿನಲ್ಲಿ. ಆಕೆ ಕನ್ನಡಕ ಹಾಕಿರಲಿಲ್ಲ ಎಂದು ಅವರು ಹೇಳಿದರಂತೆ, ನಿಮಗೆ ಅಷ್ಟು ಸಾಕಾಯಿತು. ನೀರು ಬಿಟ್ಟವರು ಯಾರು ಎಂದು ನೀವು ಕೇಳಲಿಲ್ಲ. ಆ ದಿನವೂ ಫೋನ್ ಹಿಡಿದು ನಿಂತಿದ್ದವನು ನಾನೇ. ಕ್ಯಾಮೆರಾ ತಿರುಗಿಸು ಎಂದಿದ್ದರೆ ಉತ್ತರ ನಿಮ್ಮ ಎದುರಿಗೇ ಇರುತ್ತಿತ್ತು. ನಾನೂ ತಿರುಗಿಸಲಿಲ್ಲ. ನಿಮ್ಮನ್ನು ಹೇಡಿ ಎನ್ನಲು ಹೊರಟರೆ ಪೆನ್ನು ಮೊದಲು ನನ್ನ ಕಡೆಗೇ ತಿರುಗುತ್ತದೆ. ಆದರೆ ನನ್ನ ಹೇಡಿತನಕ್ಕೆ ಸರ್ಟಿಫಿಕೇಟಿಲ್ಲ, ಸೀಲಿಲ್ಲ.

ಆಸ್ಪತ್ರೆಯಲ್ಲಿ ವಾರಿಜಕ್ಕ ನನ್ನನ್ನು ಒಂದು ಮಾತೂ ಬಯ್ಯಲಿಲ್ಲ. "ನಿನ್ನ ಹೆಸರು ಹೇಳಬೇಡ, ನಿನ್ನನ್ನೂ ಊರಿಗೆ ಕಳಿಸಿಬಿಡ್ತಾರೆ" ಎಂದರು. ಅವರ ಮಾತನ್ನು ಈಗ ಮೀರುತ್ತಿದ್ದೇನೆ.

ಆದ್ದರಿಂದ ಆ ಸಾಲು ಹೊಡೆದುಹಾಕಿ. ಅದೇ ಜಾಗದಲ್ಲಿ ನೀರು ಬಿಟ್ಟವನು ಮಹಿತ್ ಎಂದು ಬರೆಯಿರಿ. ಅವನಿಗೆ ಓದಲು ಬಾರದ ಫಲಕವನ್ನು ಒಪ್ಪಿ ಸಹಿ ಹಾಕಿದವರು ಯಾರು ಎಂಬುದನ್ನು ಕೆಳಗಿನ ಸಾಲಿನಲ್ಲಿ ನಿಮ್ಮ ಕೈಯಾರೆ ಬರೆಯಿರಿ. ನನ್ನನ್ನು ವಾಪಸು ಕಳಿಸುವುದಾದರೆ ಕಳಿಸಿ, ಪೆಟ್ಟಿಗೆ ಕಟ್ಟಿಟ್ಟಿದ್ದೇನೆ. ಆದರೆ ವಾರಿಜಕ್ಕನನ್ನು ಇಪ್ಪತ್ತರೊಳಗೆ ಆಪರೇಷನ್ನಿಗೆ ಸೇರಿಸಿ. ಇವತ್ತು ಹದಿನಾಲ್ಕು.

ಇಂತಿ,
ಎರಡು ಕಣ್ಣೂ ನೆಟ್ಟಗಿರುವ,
ಮಹಿತ್
ಮಿಶ್ರಣ ವಿಭಾಗ, ನಿಲಾಯ್