ಕಡಲ ಗಾಳಿಯ ಹಾಡಿಗೆ ಎಷ್ಟನೆಯ ಸ್ಥಾನ

ನಾಜಿಮಾಬಾದ್, ಕರಾಚಿ
ನವೆಂಬರ್ ಹದಿನಾಲ್ಕು, ಗುರುವಾರ, ಮಧ್ಯಾಹ್ನದ ನಮಾಜಿನ ನಂತರ

ಪ್ರೀತಿಯ ಶಹಾಬ್,

ಸಲಾಂ ಮತ್ತು ಆಶೀರ್ವಾದ. ಈದ್ ಕಳೆದಾಗಿನಿಂದ ನೀನು ನನ್ನ ಫೋನ್ ಎತ್ತಿಲ್ಲ. ಮರೆತಿದ್ದರೆ ನೆನಪಿಸುತ್ತೇನೆ. ಇದನ್ನು ಬರೆಯುತ್ತಿರುವವಳು ಸರ್ವತ್ ಆರಾ, ನಿನ್ನ ಅಣ್ಣ ಮಕ್ಸೂದ್ ಹುಸೇನರ ಹೆಂಡತಿ, ನಿನ್ನ ಭಾಬಿ, ಅವರು ಹೋದ ಮೇಲೆ ಈ ಮನೆಯ ಹಿರಿಯಳು. ಮೆಟ್ರಿಕ್‌ನಲ್ಲಿ ಮೊದಲ ದರ್ಜೆ. ಈ ಗಲ್ಲಿಯಲ್ಲಿ ಯಾವ ಸಂಬಂಧ ಮುರಿಯುವ ಹಂತಕ್ಕೆ ಬಂದರೂ ಎರಡೂ ಕಡೆಯವರು ಚಹಾ ಕುಡಿಯಲು ಬರುವುದು ನಮ್ಮ ಬೈಠಕ್ಕಿಗೆ, ಎದ್ದು ಹೋಗುವುದು ನಾನು ಹೇಳಿದ ಮೇಲೆ. ಅಂಥ ಮನೆಯ ಮಗನೇ ಒಂದು ಹಾಡಿಗಾಗಿ ವಿಮಾನದ ಟಿಕೆಟ್ ರದ್ದು ಮಾಡಿದರೆ ನಾನು ಯಾರ ಬೈಠಕ್ಕಿಗೆ ಹೋಗಲಿ? ಫೋನನ್ನು ನಡುವೆ ಕತ್ತರಿಸಬಹುದು. ಕಾಗದವನ್ನು ಹರಿಯಬೇಕೆಂದರೂ ಮೊದಲು ತೆರೆಯಬೇಕು. ನನ್ನ ಮಗ ಖಾವರನ ಗೆಳೆಯ ನೀನಿರುವ ಓಸ್ಲೋಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ಜೊತೆಗೆ ಒಂದು ಡಬ್ಬಿ ಗಜ್ಜರಿ ಹಲ್ವಾ ಇದೆ. ಹಲ್ವಾ ರಾಜಿಗಾಗಿ ಅಲ್ಲ, ಗಜ್ಜರಿಯ ಕಾಲ ಶುರುವಾಯಿತು ಎಂದು.

ನಿನ್ನ ಬೆನ್ನು ಹೇಗಿದೆ? ದಿನವಿಡೀ ಟ್ರಾಮ್ ಓಡಿಸುವವನು ಸೊಂಟಕ್ಕೆ ಪಟ್ಟಿ ಕಟ್ಟಿಕೊಳ್ಳಬೇಕೆಂದು ಹೇಳಿದ್ದೆ. ಕಟ್ಟಿಕೊಳ್ಳುತ್ತಿಲ್ಲ ಎಂದು ನನಗೆ ಗೊತ್ತು. ಅಲ್ಲಿ ಹಿಮ ಬಿದ್ದಿರಬೇಕು. ಪೊಟ್ಟಣದ ಪರಾಠಾ ಬಿಸಿ ಮಾಡಿಕೊಂಡು ಊಟವಾಯಿತು ಎನ್ನಬೇಡ. ನನ್ನ ಮೊಣಕಾಲು ಹಾಗೇ ಇದೆ. ಇಲ್ಲಿ ಕಡಲ ಗಾಳಿ ಬಿದ್ದುಹೋಗಿ ಕ್ವೆಟ್ಟಾ ಕಡೆಯ ಒಣಗಾಳಿ ಏಳುವ ಕಾಲ. ಮಧ್ಯಾಹ್ನ ಛಾವಣಿಯ ಮಂಚದ ಮೇಲೆ ಒರಗಿದರೆ ನಿದ್ದೆಯಲ್ಲದ ನಿದ್ದೆ ಬರುತ್ತದೆ. ಹಗ್ಗದ ಮೇಲಿನ ಬಟ್ಟೆ ಉಬ್ಬುತ್ತದೆ, ಇಳಿಯುತ್ತದೆ, ಯಾರೋ ಒಳಗೆ ನಿಂತು ಉಸಿರಾಡುತ್ತಿದ್ದಾರೆ ಅನಿಸುತ್ತದೆ. ಮೊನ್ನೆ ಹಾಗೇ ಒರಗಿದ್ದಾಗ ನಿನ್ನ ಅಣ್ಣ ಬಂದು ಕಾಲ ಬಳಿ ಕೂತು ಕ್ಯಾಸೆಟ್ಟಿನ ಚಕ್ರದಲ್ಲಿ ಪೆನ್ಸಿಲ್ ಸಿಕ್ಕಿಸಿ ತಿರುಗಿಸುತ್ತಿದ್ದರು. ಟೇಪು ಒಳಗೆ ಹೋಗುತ್ತಲೇ ಇತ್ತು, ಮುಗಿಯಲೇ ಇಲ್ಲ. ಎಚ್ಚರವಾದಾಗ ಬಟ್ಟೆ ಒಣಗಿತ್ತು.

ಸುದ್ದಿಗೆ ಬರುತ್ತೇನೆ. ಅರೀಬಾಳ ಮದುವೆ ಆಯಿತು. ಖಾವರನ ಮಗಳನ್ನು ತೊಟ್ಟಿಲಲ್ಲಿ ಆಡಿಸಿದವನು ನೀನು. ಅವಳು ಕೊನೆಯ ದಿನದವರೆಗೂ ಬಾಗಿಲ ಕಡೆ ನೋಡಿದಳು. ಬಾಯಿಬಿಟ್ಟು ಏನೂ ಹೇಳಲಿಲ್ಲ, ನನ್ನ ಕೈಯಲ್ಲಿ ಬೆಳೆದವಳು. ಅಪ್ಪ ಕರೆಯುವಂತೆಯೇ ನಿನ್ನನ್ನು ಚಾಚಾ ಎನ್ನುವ ಅವಳು ಮೆಹಂದಿಯ ದಿನ ಬೆಳಿಗ್ಗೆ ಮಾತ್ರ ಕೇಳಿದಳು, "ದಾದಿ, ಚಾಚಾನ ಮೂಲೆ ಯಾರು ಹಿಡೀತಾರೆ?" ನಮ್ಮಲ್ಲಿ ಮದುಮಗಳನ್ನು ಹಳದಿ ದುಪಟ್ಟಾದ ಕೆಳಗೆ ಕರೆತರುವಾಗ ನಾಲ್ಕು ಮೂಲೆಯನ್ನೂ ಮನೆಯ ಗಂಡಸರು ಹಿಡಿಯಬೇಕು, ಮುಂದಿನ ಬಲಮೂಲೆ ಯಾವಾಗಲೂ ನಿನ್ನದು. ನಾನು, "ಮೊದಲು ಸ್ನಾನ ಮಾಡು" ಎಂದೆ.

ಜಗಳ ಎಲ್ಲಿಂದ ಶುರುವಾಯಿತೆಂದು ನಿನಗೆ ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ನೀನು ನಿನ್ನ ಮೂಲೆಯಿಂದ ನೋಡಿದ್ದೀಯ, ನಾನು ಇಡೀ ಛಾವಣಿಯನ್ನು ನೋಡಿದ್ದೇನೆ. ಈದಿನ ಚಂದ್ರ ಕಂಡ ಸಂಜೆ ನಾಡಿನ ಪಾಪ್ ಹಾಡುಗಳಲ್ಲಿ ಯಾವುದು ಮೇಲು ಎಂದು ಛಾವಣಿಯ ಮೇಲೆ ವೋಟು ಹಾಕುವ ಚಾಳಿ ಹಚ್ಚಿದವರು ನಿನ್ನ ಅಣ್ಣ. ಕ್ಯಾಸೆಟ್ ಅಂಗಡಿಯವರಿಗೆ ಬೇರೆ ಯಾವ ಹಬ್ಬ? ಅವರ ಲೆಕ್ಕ ಸರಳವಾಗಿತ್ತು. ಟೇಪು ಸವೆದು ಹರಿದ ಮೇಲೂ ಗಿರಾಕಿ ಅದೇ ಹಾಡನ್ನು ಕೇಳಿಕೊಂಡು ಬಂದರೆ ಅದು ದೊಡ್ಡ ಹಾಡು. ನಿನಗೆ ಗಿಟಾರ್ ಸರಿಯಾಗಿರಬೇಕು. ಖಾವರನಿಗೆ ಕಾಲೇಜು ಬಸ್ಸಿನಲ್ಲಿ ಕೇಳಿದ್ದೆಲ್ಲ ಅಮೃತ. ಅವನ ಮಗ ದಾನಿಶ್ ಫೋನು ತೆಗೆದು ಎಷ್ಟು ಕೋಟಿ ಜನ ನೋಡಿದ್ದಾರೆ ಅನ್ನುತ್ತಾನೆ. "ಕೋಟಿ ಜನ ಟ್ರಾಫಿಕ್ಕೂ ನೋಡ್ತಾರಪ್ಪ, ಹಾಗಂತ ಅದು ಹಾಡಾ?" ಎಂದು ನೀನು ಅವನ ಕಿವಿ ಹಿಂಡಿದ್ದು ನೆನಪಿದೆ. ಬೇಳೆ ಆರಿಸುವಾಗ ಕೈ ನಿಲ್ಲಿಸುವ ಹಾಡೇ ಹಾಡು ಎಂಬುದು ನನ್ನ ಅಳತೆ. ಆದರೆ ನಾನು ವೋಟು ಹಾಕುವವಳಲ್ಲ, ಎಣಿಸುವವಳು. ಬೆಟ್ಟದ ಹಾಡು, ಮಳೆ ಹಾಡು, ಸೈಕಲ್ ಹಾಡು ಎಂದು ನಾವೇ ಇಟ್ಟ ಹೆಸರುಗಳು. ಗೆದ್ದ ಹಾಡು ಆ ವರ್ಷದ ಮನೆಯ ಹಾಡು. ಆ ವರ್ಷ ಮನೆಯಲ್ಲಿ ಮದುವೆಯಾದರೆ ದುಪಟ್ಟಾ ನಡೆಯುವುದು ಆ ಹಾಡಿಗೇ.

ಈ ವರ್ಷ ರೈಲಿನ ಹಾಡು ಗೆದ್ದಿತು. ಅದು ಫರ್ರುಖನ ಹಾಡು. ನಿನ್ನ ಜೊತೆ ಇದೇ ಛಾವಣಿಯಲ್ಲಿ ಅಭ್ಯಾಸ ಮಾಡಿ, ನನ್ನ ಕೈಯ ಖೀಮಾ ತಿಂದು, ಲಾಹೋರಿನ ಕಂಪನಿಯೊಂದು ಕರೆದ ಕೂಡಲೇ ನಿಮ್ಮ ಬ್ಯಾಂಡನ್ನು ಬಿಟ್ಟು ಹೋದವನು. ಮಕ್ಕಳಿಗೆ ಅದು ಗೊತ್ತಿಲ್ಲ, ಅವರಿಗೆ ಹಾಡು ಚೆನ್ನಾಗಿದೆ, ಅಷ್ಟೆ. ನೀನು ಫೋನಿನ ಪರದೆಯಲ್ಲಿ ಓಸ್ಲೋದಿಂದ ಮುಖ ಉಬ್ಬಿಸಿಕೊಂಡು, "ಹಾಗಾದ್ರೆ 'ಕಡಲ ಗಾಳಿ'ನೂ ಪಟ್ಟೀಲಿ ಸೇರಿಸಿ" ಎಂದೆ. ದಾನಿಶ್ ಫೋನಿನಲ್ಲಿ ಹುಡುಕಿದ. "ಅಂಥ ಹಾಡೇ ಇಲ್ಲ ಚಾಚಾ. ಯಾರದದು?" ನೀನು, "ಬಿಡೋ, ತಮಾಷೆಗೆ ಅಂದೆ" ಎಂದು ನಕ್ಕೆ. ಆ ನಗು ನನಗೆ ಇಷ್ಟವಾಗಲಿಲ್ಲ. ಆಮೇಲೆ ಹೇಳಿದೆ, "ರೈಲು ಹಾಡಿಗೆ ನಾನು ಮೂಲೆ ಹಿಡಿಯಲ್ಲ ಭಾಬಿ. ನನ್ನನ್ನ ಬಿಟ್ಟುಬಿಡಿ." ಪರದೆ ಕಪ್ಪಾಯಿತು. ವೋಟು ವೋಟೇ, ಎಣಿಸಿದವಳು ನಾನು. ಒಬ್ಬನು ಮುನಿದನೆಂದು ಎಣಿಕೆ ತಿದ್ದುವ ಮನೆ ಇದಲ್ಲ ಎಂದು ನಾನೂ ಬಿಗಿಯಾಗಿಯೇ ಇದ್ದೆ.

ಈಗ ಮೆಹಂದಿಯ ಮಧ್ಯಾಹ್ನಕ್ಕೆ ಬಾ. ಬೀಗರು ಮುಲ್ತಾನಿನವರು. ಹುಡುಗನ ಅಜ್ಜಿ ಸಿತಾರಾ ಬೇಗಂ, ನನ್ನಷ್ಟೇ ವಯಸ್ಸು, ನನಗಿಂತ ದೊಡ್ಡ ದನಿ. ಅಂಗಳದಲ್ಲಿ ಚಾಪೆ ಹಾಸಿ ಆ ಕಡೆ ಅವರ ಹೆಂಗಸರು, ಈ ಕಡೆ ನಮ್ಮ ಹುಡುಗಿಯರು, ನಡುವೆ ಢೋಲಕ್. ಅವರು ನಮ್ಮ ಹುಡುಗಿಯ ಮೂಗನ್ನು ಹಾಡಿನಲ್ಲಿ ಹಂಗಿಸಿದರು, ಇವರು ಅವರ ಹುಡುಗನ ಹೊಟ್ಟೆಯನ್ನು ಹಂಗಿಸಿದರು. ಕೊನೆಗೆ ಸಿತಾರಾ ಬೇಗಂ ಚಮಚ ಕೈಗೆ ತೆಗೆದುಕೊಂಡು ಢೋಲಕ್ಕಿನ ಮರದ ಮೇಲೆ ಟಕಟಕ ಬಡಿಯುತ್ತ ನಿಧಾನಕ್ಕೆ ಎತ್ತಿದರು:

"ಹಿಟ್ಟಿನ ಕೈಯೋಳೆ, ಬಾಗಿಲು ತೆಗಿ, ಗಾಳಿ ಬಂದಿದೆ ಚನಾಬಿನಿಂದ."

ನಮ್ಮ ಹುಡುಗಿಯರು ಒಟ್ಟಿಗೇ ಕೂಗಿದರು, "ಅಜ್ಜೀ, ಅದು ನಮ್ಮ ಗಲ್ಲಿ ಹಾಡು. ಚನಾಬ್ ಅಲ್ಲ, ಕಡಲು." ಸಿತಾರಾ ಬೇಗಂ ಚಮಚ ನಿಲ್ಲಿಸಲಿಲ್ಲ. "ಹೋಗ್ರೇ ಹೋಗ್ರೆ. ನನ್ನ ಮೆಹಂದೀಲಿ ನಮ್ಮತ್ತೆ ಹಾಡಿದ್ದು ಇದು. ಆಗ ನಿಮ್ಮಮ್ಮಂದಿರೂ ಹುಟ್ಟಿರ್ಲಿಲ್ಲ." ದಾನಿಶನನ್ನು ಕರೆದು ಫೋನಿನಲ್ಲಿ ಹುಡುಕಿಸಿದರು. "ಎಲ್ಲೂ ಇಲ್ಲ. ಅಂದ್ರೆ ತುಂಬಾ ಹಳೇದು, ಯಾರೂ ಬರ್ದಿದ್ದಲ್ಲ. ಹಂಗೇ ಬಂದಿದ್ದು" ಎಂದು ಅವನು ತೀರ್ಪು ಕೊಟ್ಟ. ನಾನು ಲಾಡು ತುಂಬಿದ ತಟ್ಟೆ ಹಿಡಿದು ಕಂಬಕ್ಕೆ ಒರಗಿ ನಿಂತಿದ್ದೆ. ತಟ್ಟೆ ಎಷ್ಟು ಹೊತ್ತು ಹಿಡಿದಿದ್ದೆನೋ ಗೊತ್ತಿಲ್ಲ. ಹಾಡು ಅಂಗಳದಲ್ಲಿ ಸುತ್ತುತ್ತಿತ್ತು. ಒಂದು ಸಾಲಿಗೆ ಅವರು, ಒಂದು ಸಾಲಿಗೆ ಇವರು. ಕೇಳುತ್ತ ಕೇಳುತ್ತ ನದಿಯೂ ಕಡಲೂ ಒಂದರೊಳಗೊಂದು ಬಂದು ಸೇರಿದಂತೆ, ಗೋಡೆಯ ಮೇಲಿನ ಬಿಸಿಲು ಅಲುಗಿದಂತೆ ಕಂಡಿತು.

ಆ ಹಾಡು ಹುಟ್ಟಿದ್ದು ಯಾರ ಅತ್ತೆಯ ಬಾಯಲ್ಲೂ ಅಲ್ಲ. ಮಸೀದಿಯಲ್ಲಿ ಸಂಜೆಯ ಬಾಂಗ್ ಆದ ಮೇಲೆ ಬಂದವರಿಗೆ ಬಾಗಿಲು ತೆಗೆಯುವುದಿಲ್ಲ ಎಂಬುದು ಆಗಲೂ ನನ್ನ ನಿಯಮ. ಒಂದು ದಿನ ನೀನು ಗಿಟಾರ್ ಹೊತ್ತು ತಡವಾಗಿ ಬಂದೆ. ನಾನು ಒಳಗೆ ಹಿಟ್ಟು ನಾದುತ್ತಿದ್ದೆ. ನೀನು ಮೆಟ್ಟಿಲ ಮೇಲೆ ಕೂತು ಬಾಗಿಲಿಗೆ ಹಾಡಿದೆ. ಪೂರ್ತಿ ಮುಗಿಯುವವರೆಗೆ ನಾನು ಚಿಲಕ ತೆಗೆಯಲಿಲ್ಲ. ಇವತ್ತಾದರೂ ತೆಗೆಯುತ್ತಿರಲಿಲ್ಲ, ನಿಯಮ ನಿಯಮವೇ. ಆದರೆ ಕೈ ನಿಂತಿತ್ತು. ಹಿಟ್ಟು ಒಣಗಿ ಬೆರಳಿಗೆ ಅಂಟಿಕೊಂಡಿತ್ತು.

ನಿನಗೆ ತಿಳಿಯದ ಒಂದು ವಿಷಯ ಇದೆ. ನಿನ್ನ ಅಣ್ಣ ಹೇಳಬೇಡ ಅಂದಿದ್ದರು, ಈಗ ಹೇಳುತ್ತೇನೆ. ನೀವು ಮಾಡಿಸಿದ ಆ ಒಂದೇ ರೆಕಾರ್ಡಿಂಗನ್ನು ಯಾವ ಕಂಪನಿಯೂ ಕೊಳ್ಳಲಿಲ್ಲ ಎಂದು ನೀನು ಗಿಟಾರ್ ಮೂಲೆಗಿಟ್ಟು ನಾರ್ವೆಗೆ ಹೊರಟೆ. ಅಂಗಡಿಗೆ ಜನ ಖಾಲಿ ಕ್ಯಾಸೆಟ್ ತಂದು ಇಷ್ಟದ ಹಾಡುಗಳನ್ನು ಹೇಳಿ ತುಂಬಿಸಿಕೊಂಡು ಹೋಗುತ್ತಿದ್ದರಲ್ಲ, ಬಸ್ಸಿನವರು, ಲಾರಿಯವರು, ಮದುವೆ ಮನೆಯವರು. ಹಾಡುಗಳೆಲ್ಲ ಮುಗಿದು ಟೇಪಿನ ತುದಿಯಲ್ಲಿ ಒಂದಿಷ್ಟು ಜಾಗ ಉಳಿಯುತ್ತದೆ. ಬೇರೆ ಅಂಗಡಿಯವರು ಹಾಗೇ ಬಿಡುತ್ತಿದ್ದರು, ಇಲ್ಲವೇ ಅರ್ಧ ಹಾಡು ತುಂಬಿ ಕತ್ತರಿಸುತ್ತಿದ್ದರು. ನಿನ್ನ ಅಣ್ಣ ಆ ಜಾಗಕ್ಕೆಲ್ಲ ನಿನ್ನ ಹಾಡನ್ನು ತುಂಬಿದರು. ಹೆಸರು ಬರೆಯಲಿಲ್ಲ. "ಬರ್ದ್ರೆ ಅಳಿಸು ಅಂತಾರೆ ಸರ್ವತ್. ಬರೀದಿದ್ರೆ ಕೇಳ್ತಾರೆ" ಎಂದಿದ್ದರು. ಅಂಗಡಿ ಮುಚ್ಚುವವರೆಗೂ ಹೀಗೇ. ಯಾವ ಲಾರಿ ಅದನ್ನು ಮುಲ್ತಾನಿಗೆ ಒಯ್ದಿತೋ, ಯಾವ ಹೆಂಗಸು ಚಪಾತಿ ಒತ್ತುತ್ತ ಅದನ್ನು ಕಲಿತಳೋ, ಕಡಲನ್ನೇ ಕಾಣದ ಊರಿನಲ್ಲಿ ಅದು ಯಾವಾಗ ಚನಾಬ್ ಆಯಿತೋ. ನಮ್ಮ ಗಲ್ಲಿಯ ಹುಡುಗಿಯರು ಅದನ್ನು ಹಿಟ್ಟಿನ ಕೈ ಹಾಡು ಅನ್ನುತ್ತಾರೆ. ನೀನು ಹೆಂಗಸರ ಢೋಲಕ್ಕಿನ ಬಳಿ ಎಂದೂ ಕೂತವನಲ್ಲ, ನಿನ್ನ ಕಿವಿಗೆ ಅದು ಬೀಳಲೇ ಇಲ್ಲ.

ಸಂಜೆ ದೀಪ ಹಚ್ಚಿದರು. ದುಪಟ್ಟಾ ಬಿಚ್ಚಿದರು. ಮೂರು ಮೂಲೆಗೆ ಮೂರು ಗಂಡಸರು ನಿಂತರು. ಖಾವರ್ ರೈಲಿನ ಹಾಡು ಹಾಕಲು ಸ್ಪೀಕರಿನ ಕಡೆ ಸನ್ನೆ ಮಾಡಿದ. ನಾನು, "ನಿಲ್ಲಿಸು" ಎಂದೆ. ದಾನಿಶ್ ಓಡಿ ಬಂದ. "ದಾದಿ, ವೋಟಲ್ಲಿ ಗೆದ್ದಿದ್ದಲ್ವಾ? ನೀವೇ ಎಣಿಸಿದ್ದು." "ಗೆದ್ದಿದೆ, ನಾಳೆ ಊಟದ ಹೊತ್ತಲ್ಲಿ ಎಷ್ಟು ಬೇಕಾದ್ರೂ ಹಾಕ್ಕೋ. ಅದರ ಸ್ಥಾನ ಅದಕ್ಕೇ ಇರಲಿ" ಎಂದೆ. ಸಿತಾರಾ ಬೇಗಂ ಕೈಗೆ ಚಮಚ ಕೊಟ್ಟೆ. ಅವರು ಒಂದು ಗಳಿಗೆ ನನ್ನನ್ನು ನೋಡಿ, "ಚನಾಬೋ, ಕಡಲೋ?" ಎಂದರು. "ನಿಮಗೆ ಹೇಗೆ ಬರುತ್ತೋ ಹಾಗೆ" ಎಂದೆ. ಆಮೇಲೆ ಹೋಗಿ ಮುಂದಿನ ಬಲಮೂಲೆ ಹಿಡಿದೆ. ಗಂಡಸರ ಜಾಗ ಎಂದು ಯಾರೋ ಗೊಣಗಿದರು. ವಿಧವೆ ಎಂದೂ ಯಾರೋ ಗೊಣಗಿದರು. ನಾನು ಆ ಕಡೆ ನೋಡಿದೆ, ಗೊಣಗಾಟ ನಿಂತಿತು. ಬಟ್ಟೆ ತೆಳ್ಳಗೆ, ಬೆರಳುಗಳ ನಡುವೆ ಉಬ್ಬುತ್ತಿತ್ತು. ಅರೀಬಾ ಅದರ ಹಳದಿ ನೆರಳಲ್ಲಿ ನೀರಿನೊಳಗೆ ನಡೆದಂತೆ ನಡೆದಳು. ಎರಡೂ ಕಡೆಯ ಹೆಂಗಸರು ಹಾಡಿದರು. ನನ್ನ ಮೊಣಕಾಲು ಆ ಹೊತ್ತು ನೋಯಲಿಲ್ಲ. ಅಂಗಳ ದಾಟಿ ಪೀಠದವರೆಗೆ ಹೋಗುವಷ್ಟರಲ್ಲಿ ಎಷ್ಟೋ ವರ್ಷ ನಡೆದಂತಾಯಿತು.

ಹಾಡು ಯಾರದೆಂದು ನಾನು ಮನೆಯವರಿಗೆ ಹೇಳಿಲ್ಲ. ಅದು ನಾನು ಹೇಳುವ ಮಾತಲ್ಲ.

ಖಾವರ್ ಸಲಾಂ ಹೇಳಿದ್ದಾನೆ. ದಾನಿಶ್ ನಿನ್ನ ಮೇಲೆ ಸಿಟ್ಟಾಗಿದ್ದಾನೆ, ಅಂದರೆ ನಿನ್ನನ್ನು ನೆನೆಯುತ್ತಿದ್ದಾನೆ. ಅರೀಬಾ ಮುಲ್ತಾನಿನಿಂದ ಫೋನ್ ಮಾಡಿದಾಗಲೆಲ್ಲ ಮೊದಲು ನಿನ್ನನ್ನೇ ಕೇಳುತ್ತಾಳೆ. ಸೊಂಟಕ್ಕೆ ಪಟ್ಟಿ ಕಟ್ಟಿಕೋ. ಅಲ್ಲಾಹ್ ನಿನ್ನನ್ನು ಆ ಚಳಿಯಲ್ಲಿ ಕಾಯಲಿ.

ನಿನ್ನ ಒಳಿತನ್ನೇ ಬಯಸುವ,
ಭಾಬಿ ಸರ್ವತ್ ಆರಾ

ತಾ.ಕ. ಖಾವರನ ಗೆಳೆಯ ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಬೀಗರು ಹೊರಡುವಾಗ ಸಿತಾರಾ ಬೇಗಂ ನನ್ನನ್ನು ಪಕ್ಕಕ್ಕೆ ಕರೆದು, "ಹಾಡುವಾಗ ನಿಮ್ಮ ಮುಖ ನೋಡಿದೆ. ನಿಜ ಹೇಳಿ, ಇದು ನಮ್ಮತ್ತೆ ಹಾಡಲ್ಲ ಅಲ್ವಾ?" ಎಂದರು. ನಾನು ಸುಳ್ಳು ಹೇಳುವವಳಲ್ಲ. ಕಟ್ಟಿದವನು ಬದುಕಿದ್ದಾನೆ, ಓಸ್ಲೋದಲ್ಲಿ ಟ್ರಾಮ್ ಓಡಿಸುತ್ತಾನೆ, ನನ್ನ ಮೈದುನ ಎಂದೆ. "ಅವನ ಬಾಯಲ್ಲಿ ಕೇಳೋವರೆಗೂ ನಾನು ನಂಬಲ್ಲ, ಚನಾಬೇ ಸರಿ" ಎಂದರು. ಹಾಗಾಗಿ ಬರುವ ಈದಿನ ಚಂದ್ರ ಕಂಡ ಸಂಜೆ ನೀನು ಈ ಛಾವಣಿಯಲ್ಲಿ ಅವರ ಎದುರು ಕೂತು ಹಾಡುತ್ತೀಯ ಎಂದು ನಿನ್ನ ಹೆಸರಿನಲ್ಲಿ ಮಾತು ಕೊಟ್ಟಿದ್ದೇನೆ. ಅವರು ಮುಲ್ತಾನಿನಿಂದ ರೈಲಿಗೆ ಸೀಟು ಹಿಡಿಸಿಯೂ ಆಗಿದೆ. ನಿನ್ನ ಕೋಣೆಗೆ ಸುಣ್ಣ ಹೊಡೆಸಿದೆ. ಅಲ್ಲಿದ್ದ ಹೊಲಿಗೆ ಯಂತ್ರ ಕೆಳಗೆ ಬಂತು. ಗಿಟಾರನ್ನು ಇಲಿ ತಿಂದಿದೆ, ಬರುವಾಗ ಬೇರೆ ತಾ. ಸಂಜೆ ಬಾಂಗ್ ಆದ ಮೇಲೆ ಬಂದರೂ ಪರವಾಗಿಲ್ಲ, ಹೊರ ಬಾಗಿಲಿನ ಒಳಚಿಲಕ ಬಿಚ್ಚಿಸಿ ಹಾಕಿದ್ದೇನೆ.