ನಿನ್ನ ಭಾವ ಹುತಾತ್ಮರಲ್ಲ

ಪ್ಯಾರಿಸ್, ಸ್ಯಾಂ ಜಾಕ್ ಬೀದಿ
೧೯ ನವೆಂಬರ್ ೧೫೮೭

ತಮ್ಮ ಹಿಲೇರ್‌ಗೆ,

ಅಕ್ಕನ ಆಶೀರ್ವಾದ. ನೀನು ರೀಮ್ಸ್‌ನಲ್ಲಿ ಕ್ಷೇಮವಾಗಿರುವೆ ಅಂತ ಕೇಳದೆಯೇ ಗೊತ್ತು. ರಾಜನಿಗೆ ಎದುರು ನಿಂತ ಡ್ಯೂಕರ ನೆರಳಲ್ಲಿ ಕೂತ ನಿನ್ನಂಥ ಪಾದ್ರಿಗಳಿಗೆ ನೆಗಡಿಯೂ ಬರುವುದಿಲ್ಲ. ನಿನ್ನ ಮೂರು ಕಾಗದಕ್ಕೂ ಉತ್ತರ ಬರೆಯಲಿಲ್ಲ, ತಪ್ಪಾಯಿತು. ಬರೆಯಲು ಕೂತರೆ ಬರೀ ಬೈಗುಳವೇ ಬರುತ್ತಿತ್ತು. ಇವತ್ತೂ ಅದೇ ಬರುತ್ತಿದೆ, ಆದರೂ ಬರೆಯುತ್ತಿದ್ದೇನೆ.

ನೀನು ಕಳಿಸಿದ ಹೊಸ ಬರಹ ಓದಿದೆ. ನಿನ್ನ ಭಾವನ ‘ಪುಣ್ಯಮರಣ’ದ ಕಥೆ! ಅದನ್ನು ಅವರದೇ ಅಚ್ಚುಕೂಟದಲ್ಲಿ, ಅವರದೇ ಅಚ್ಚುಮೊಳೆಗಳಲ್ಲಿ, ನಾನೇ ನಿಂತು ಅಚ್ಚು ಹಾಕಿಸಬೇಕಂತೆ. ಅವರು ನೇಣುಗಂಬದ ಕೆಳಗೆ ಆಕಾಶ ನೋಡಿ, “ಧರ್ಮದ್ರೋಹಿ ರಾಜನಿಗೆ ಧಿಕ್ಕಾರ!” ಎಂದು ಗುಡುಗಿದರಂತೆ. ಜನ ಮೊಣಕಾಲೂರಿದರಂತೆ.

ನೀನು ಅಲ್ಲಿರಲಿಲ್ಲ. ನಾನಿದ್ದೆ. ಮೊಬೇರ್ ಚೌಕದಲ್ಲಿ ಆ ಬೆಳಿಗ್ಗೆ ಅವರ ಒಂದು ಕಾಲುಚೀಲ ಪಾದದವರೆಗೆ ಜಾರಿತ್ತು. ಕೈ ಹಿಂದಕ್ಕೆ ಕಟ್ಟಿದ್ದರು. ನೇಣು ಹಾಕುವವನಿಗೆ, “ಸ್ವಲ್ಪ ಎತ್ತಪ್ಪ, ಜನ ನೋಡ್ತಿದ್ದಾರೆ” ಅಂದರು. ಅವನು ಬಗ್ಗಿ ಎತ್ತಿದ. ನನ್ನ ಗಂಡ ಈ ಲೋಕದಲ್ಲಿ ಕೊನೆಗೆ ಆಡಿದ ಮಾತು ಅದು.

ಈಸ್ಟರಿನ ಮುಂಚಿನ ಉಪವಾಸದ ದಿನಗಳಲ್ಲಿ ನೀನು ಬಂದದ್ದು ನೆನಪಿದೆಯಾ? ನನ್ನ ಬಟಾಣಿ ಸಾರು ಎರಡು ಬಟ್ಟಲು ಕುಡಿದು, ಅಂಗಿಯೊಳಗಿಂದ ಆ ಹದಿನಾರು ಪುಟ ತೆಗೆದೆ. ಪೋಪರನ್ನು ಒಪ್ಪದ ಹೊಸ ಮತದವರ ಜೊತೆ ಕೈ ಕುಲುಕುವ ರಾಜನಿಗೆ ಪ್ರಜೆಗಳು ತಲೆಬಾಗಬೇಕಿಲ್ಲ, ಅವನನ್ನು ಇಳಿಸಿದರೂ ಪಾಪವಿಲ್ಲ ಅಂತ ಬರೆದಿದ್ದೆ. ನಿನ್ನ ಭಾವ ಓದಿ ಬೆವರಿದರು.

“ಹಿಲೇರ್, ನಾನು ಪಂಚಾಂಗ, ಪ್ರಾರ್ಥನೆ ಪುಸ್ತಕ ಅಚ್ಚು ಹಾಕೋನು. ರಾಜನ್ನ ಇಳಿಸೋದು ನನ್ನ ಕಸುಬಲ್ಲ ಕಣಪ್ಪ.”

“ಭಾವ, ಹೊಸ ಮತದವರು ಗೆದ್ರೆ ನಿಮ್ಮ ಪ್ರಾರ್ಥನೆ ಪುಸ್ತಕ ಯಾರು ಕೊಳ್ತಾರೆ? ಇದು ದೇವರ ಕೆಲಸ.”

“ದೇವರ ಕೆಲಸಕ್ಕೆ ಹೆಸರು ಯಾರದು ಹಾಕಲಿ? ನಿಂದಾ, ನಂದಾ?”

“ಯಾರದೂ ಬೇಡ. ಜರ್ಮನ್ ನಾಡಿನ ಕೊಲೋನ್‌ನಲ್ಲಿ ಅಚ್ಚಾಯ್ತು ಅಂತ ಹಾಕಿ. ಯಾರಿಗೆ ಗೊತ್ತಾಗತ್ತೆ?”

ಗೊತ್ತಾಯಿತು. ನಮ್ಮ ದೊಡ್ಡ ‘ಆರ್’ ಮೊಳೆಯ ಕಾಲು ಮುರಿದಿತ್ತು. ರಾಜನ ಅಧಿಕಾರಿಗಳು ನಮ್ಮ ಪಂಚಾಂಗವನ್ನೂ ನಿನ್ನ ಹೊತ್ತಿಗೆಯನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಎರಡರಲ್ಲೂ ಅದೇ ಕುಂಟ ಅಕ್ಷರ. ನಿನ್ನ ಭಾವನನ್ನು ಎಳೆದೊಯ್ದ ದಿನವೇ ನೀನು ಹುಲ್ಲಿನ ಗಾಡಿಯಲ್ಲಿ ಊರು ಬಿಟ್ಟೆ. “ಅಕ್ಕಾ, ನಾನು ಉಳಿದರೆ ಧರ್ಮ ಉಳಿಯತ್ತೆ” ಅಂದೆ. ಅಕ್ಕ ಉಳಿಯುವಳೋ ಇಲ್ಲವೋ ಕೇಳಲಿಲ್ಲ.

ಈಗ ಇಲ್ಲಿನ ಸಮಾಚಾರ ಕೇಳು. ಮೀನು ಮಾರುವ ಮಾಥುರಿನ್ ನನ್ನನ್ನು ಕಂಡರೆ ಸಾಕು, “ಹುತಾತ್ಮನ ಹೆಂಡ್ತಿ ಬಂದ್ಳು, ದಾರಿ ಬಿಡ್ರೇ!” ಅಂತ ಕೂಗಿ, ನನ್ನ ಲಂಗದ ಅಂಚು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾಳೆ. ಅವಳ ಬುಟ್ಟಿಯ ಎರಡು ಮೀನು ನನ್ನ ಬುಟ್ಟಿಗೆ. ಎದುರು ಮನೆಯ ಪುಸ್ತಕ ಹೊಲಿಯುವ ಟುಸ್ಸೇನ್ ನನ್ನ ಹೊಸ್ತಿಲ ಮೇಲೆ ಉಗುಳುತ್ತಾನೆ. “ರಾಜ ಕೆಟ್ಟವನೇ ಇರಲಿ ಕಣಮ್ಮ, ತಲೆ ಕಡಿದ್ಮೇಲೆ ಟೋಪಿ ಎಲ್ಲಿಡ್ತೀರಿ?” ಅನ್ನುತ್ತಾನೆ. ನಿಜ ಹೇಳಲಾ? ನನಗೆ ಆ ಉಗುಳೇ ವಾಸಿ ಅನ್ನಿಸುತ್ತದೆ. ಅವನು ಸುಳ್ಳಿಗೆ ಕೈ ಮುಗಿಯುತ್ತಿಲ್ಲ.

ನಿನ್ನ ಹಾಳೆಗಳನ್ನು ಇದರ ಜೊತೆಗೇ ಮರಳಿಸಿದ್ದೇನೆ. ಬೇರೆಯವರ ಕೈಯಲ್ಲಿ ಅಚ್ಚು ಹಾಕಿಸಿದರೆ, ಭಾನುವಾರ ಚರ್ಚಿನ ಬಾಗಿಲಲ್ಲಿ ನಿಂತು ಕಾಲುಚೀಲದ ಮಾತು ಹೇಳುತ್ತೇನೆ. ಆ ಹದಿನಾರು ಪುಟ ಬರೆದವನು ಯಾರು ಅಂತಲೂ ಹೇಳುತ್ತೇನೆ. ಇಲ್ಲವೇ ಒಂದು ಕೆಲಸ ಮಾಡು. ಎರಡೂ ಬರಹಗಳ ಕೆಳಗೆ ನಿನ್ನ ಹೆಸರು, ಊರು ಬರೆದು ಕಳಿಸು. ಆಗ ನಾನೇ ಮೊಳೆ ಜೋಡಿಸುತ್ತೇನೆ. ಆ ಎದೆ ನಿನಗಿಲ್ಲ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ.

ದೇವರು ನಿನಗೆ ದೀರ್ಘಾಯುಷ್ಯ ಕೊಡಲಿ. ಎಲ್ಲವೂ ನೆನಪಿರುವಷ್ಟು ದೀರ್ಘಾಯುಷ್ಯ.

ನಿನ್ನ ಅಕ್ಕ
ಪೆರೆಟ್, ಡೆನಿ ಗೊಬರ್ ಅವರ ವಿಧವೆ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಬರೆದವನ ಹೆಸರು ಹೇಳಿದರೆ ಗಡೀಪಾರು ಮಾಡಿ ಜೀವ ಉಳಿಸುತ್ತೇವೆ ಅಂತ ನ್ಯಾಯಾಧೀಶರು ನಿನ್ನ ಭಾವನಿಗೆ ಮಾತು ಕೊಟ್ಟಿದ್ದರು. ಸೆರೆಮನೆಯ ಕಂಬಿಯಾಚೆಯಿಂದ ಅವರು ನನ್ನನ್ನು ಕೇಳಿದರು: “ಪೆರೆಟ್, ನೀನು ಹೂಂ ಅಂದ್ರೆ ಹೇಳ್ತೀನಿ. ಅವನು ಇಷ್ಟೊತ್ತಿಗೆ ರೀಮ್ಸ್ ಸೇರಿರ್ತಾನೆ, ಏನೂ ಆಗಲ್ಲ.” ಅಮ್ಮ ಸತ್ತಾಗ ನಿನಗೆ ನಾಲ್ಕು ವರ್ಷ, ನಿನ್ನನ್ನು ಸಾಕಿದ್ದು ನಾನು. ದಾರಿಯಲ್ಲೇ ಹಿಡಿದುಬಿಟ್ಟರೆ ಅಂತ ಹೆದರಿ, “ಬೇಡ” ಅಂದೆ. “ಸರಿ ಬಿಡು” ಅಂದರು. ಮತ್ತೆ ಆ ಮಾತೆತ್ತಲಿಲ್ಲ. ನೀನು ರೀಮ್ಸ್ ಸೇರಿದ ಸುದ್ದಿ ಹೊತ್ತ ಕಾಗದ ನನಗೆ ಸಿಕ್ಕಿದ್ದು ಅವರನ್ನು ಮಣ್ಣು ಮಾಡಿ ಬಂದ ಮೇಲೆ. ಅದರ ಮೇಲಿನ ತಾರೀಖು ನೋಡಿದೆ. ನಾನು ಬೇಡ ಅಂದ ದಿನಕ್ಕೆ ನೀನು ಆ ಊರು ಸೇರಿ ಎರಡು ದಿನವಾಗಿತ್ತು.